ಹಳೆಯ ಕಂಟ್ರಿ ಹಾಡುಗಳು ಅಮೆರಿಕದ ರೇಡಿಯೊದಿಂದ ದೂರವಾದ ಬಗೆ

ಕಂಟ್ರಿ ಎಂದರೆ ಅಮೆರಿಕದ ದಕ್ಷಿಣದ ಹಳ್ಳಿಗಾಡಿನಲ್ಲಿ ಬೇರೂರಿ ಬೆಳೆದ ಜನಪ್ರಿಯ ಸಂಗೀತ. ಅದರ ಹಿರಿಯ ಗಾಯಕರಾದ ಜಾರ್ಜ್ ಜೋನ್ಸ್, ಮರ್ಲ್ ಹ್ಯಾಗರ್ಡ್, ಲೊರೆಟಾ ಲಿನ್ ಅವರ ಹಾಡುಗಳು ಇಂದು ಅಮೆರಿಕದ ದೊಡ್ಡ ಕಂಟ್ರಿ ರೇಡಿಯೊ ಕೇಂದ್ರಗಳಲ್ಲಿ ಕೇಳಿಬರುವುದು ತೀರಾ ಅಪರೂಪ. ಅವುಗಳಿಗೆಂದೇ ‘ಕ್ಲಾಸಿಕ್ ಕಂಟ್ರಿ’ ಎಂಬ ಪ್ರತ್ಯೇಕ ಕೇಂದ್ರಗಳಿದ್ದು, ಅವುಗಳಲ್ಲಿ ಅನೇಕವು ಸಣ್ಣ ಊರುಗಳ ಎಎಂ (ಮೀಡಿಯಂ ವೇವ್) ಕೇಂದ್ರಗಳು. ಕೇಳುಗರ ಅಭಿರುಚಿ ಬದಲಾದದ್ದೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಆದರೆ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ, ಯಾವ ಹಾಡು ಬಿತ್ತರವಾಗಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಯಾರಿಗೆ ಏನನ್ನು ಮಾರಬೇಕೆಂಬ ಲೆಕ್ಕಾಚಾರ.

ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರದ ಡಬ್ಲ್ಯುಎಸ್‌ಎಂ ರೇಡಿಯೊ ಕೇಂದ್ರವನ್ನು 1925ರ ಅಕ್ಟೋಬರಿನಲ್ಲಿ ಆರಂಭಿಸಿದ್ದು ‘ನ್ಯಾಶನಲ್ ಲೈಫ್’ ಎಂಬ ವಿಮಾ ಕಂಪನಿ. ಅದೇ ನವೆಂಬರ್ 28ರ ರಾತ್ರಿ, 77 ವರ್ಷದ ಪಿಟೀಲುವಾದಕ ಅಂಕಲ್ ಜಿಮ್ಮಿ ಥಾಂಪ್ಸನ್ ಅವರನ್ನು ಜಾರ್ಜ್ ಹೇ ಎಂಬ ನಿರೂಪಕರು ಮೈಕಿನ ಮುಂದೆ ಕೂರಿಸಿದರು. ಆ ಶನಿವಾರದ ಕಾರ್ಯಕ್ರಮವೇ 1927ರಲ್ಲಿ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಹೆಸರು ಪಡೆಯಿತು. ವಾರವಾರವೂ ಸಣ್ಣ ಕಂತು ಕಟ್ಟಬಲ್ಲ ಕೂಲಿಕಾರರು ಮತ್ತು ರೈತರು ಕಂಪನಿಯ ಗ್ರಾಹಕರಾಗಿದ್ದುದರಿಂದ, ಮನೆಮನೆಗೆ ಹೋಗುತ್ತಿದ್ದ ಅದರ ಏಜೆಂಟರಿಗೆ ಆಪ್ರಿಯ ಹೆಸರೇ ಬಾಗಿಲು ತೆರೆಸುವ ಪರಿಚಯವಾಗಿತ್ತು. 1932ರಲ್ಲಿ ಕೇಂದ್ರದ ಸಾಮರ್ಥ್ಯ 50,000 ವ್ಯಾಟ್‌ಗೆ ಏರಿತು. ಎಎಂ ತರಂಗಗಳು ರಾತ್ರಿಯ ಹೊತ್ತು ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಪ್ರತಿಫಲಿಸಿ ಬಹುದೂರ ಸಾಗುತ್ತವೆಯಾದ್ದರಿಂದ, 650 ಕಿಲೋಹರ್ಟ್ಸ್‌ನ ಈ ಒಂದೇ ಕೇಂದ್ರವನ್ನು ಹತ್ತಾರು ರಾಜ್ಯಗಳ ಹಳ್ಳಿಗರು ಕೇಳುವಂತಾಯಿತು. ಬಡವರ ಸಂಗೀತಕ್ಕೆ ಇಷ್ಟು ದೊಡ್ಡ ವೇದಿಕೆ ದೊರೆತದ್ದು ಬಡವರ ಕಂತಿನಿಂದಲೇ ಎಂಬುದನ್ನು ಮರೆಯಬಾರದು.

ವ್ಯಾಪಾರದ ಈ ಆಶ್ರಯ ಎಷ್ಟು ಅಸ್ಥಿರವಾದದ್ದು ಎಂಬುದಕ್ಕೆ ಡಿಫೋರ್ಡ್ ಬೇಲಿ ಅವರ ಪಾಡೇ ಸಾಕ್ಷಿ. ಆಪ್ರಿಯ ಆರಂಭದ ವರ್ಷಗಳಲ್ಲಿ ಅತ್ಯಂತ ಜನಪ್ರಿಯರಾಗಿದ್ದ ಈ ಕಪ್ಪು ಜನಾಂಗದ ಹಾರ್ಮೋನಿಕಾ ವಾದಕರನ್ನು, ಹಾಡುಗಳ ಹಕ್ಕಿನ ಶುಲ್ಕಕ್ಕಾಗಿ ರೇಡಿಯೊ ಕಂಪನಿಗಳು ಮತ್ತು ಹಕ್ಕುದಾರರ ಸಂಘದ ನಡುವೆ ವಿವಾದ ನಡೆದು, ಆ ಸಂಘದ ಹಾಡುಗಳನ್ನು ರೇಡಿಯೊ ಬಿತ್ತರಿಸದಂತಾದ 1941ರಲ್ಲಿ, ಹೊಸ ಹಾಡು ಕಲಿಯಲಿಲ್ಲವೆಂಬ ನೆಪದಿಂದ ಕೈಬಿಡಲಾಯಿತು. ಅವರಿಗೆ ಕಂಟ್ರಿ ಸಂಗೀತದ ಮಹನೀಯರ ಪಟ್ಟಿಯಾದ ‘ಹಾಲ್ ಆಫ್ ಫೇಮ್’ ಗೌರವ ದೊರೆತದ್ದು 2005ರಲ್ಲಿ, ನಿಧನರಾಗಿ 23 ವರ್ಷಗಳಾದ ಮೇಲೆ.

1950ರ ದಶಕದಲ್ಲಿ ರಾಕ್ ಅಂಡ್ ರೋಲ್ ಅಲೆ ಎದ್ದಾಗ ಅನೇಕ ಕೇಂದ್ರಗಳು ಕಂಟ್ರಿಯನ್ನು ತೊರೆದವು. 1958ರಲ್ಲಿ ಸ್ಥಾಪನೆಯಾದ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್, ಈ ಸಂಗೀತದ ಕೇಳುಗರು ಕೊಳ್ಳುವ ಶಕ್ತಿಯಿರುವ ಸಂಸಾರಸ್ಥರೆಂದು ಜಾಹೀರಾತುದಾರರಿಗೆ ಮನವರಿಕೆ ಮಾಡಿಕೊಡಲು ಹೆಣಗಿತು. 1961ರಲ್ಲಿ 81 ಇದ್ದ ಪೂರ್ಣಾವಧಿ ಕಂಟ್ರಿ ಕೇಂದ್ರಗಳು ದಶಕದ ಕೊನೆಗೆ 600 ದಾಟಿದವು. ಅದೇ ಕಾಲದಲ್ಲಿ ಚೆಟ್ ಅಟ್ಕಿನ್ಸ್, ಓವನ್ ಬ್ರ್ಯಾಡ್ಲಿ ಮೊದಲಾದ ನಿರ್ಮಾಪಕರು ಹಳ್ಳಿಯ ಪಿಟೀಲನ್ನು ಹಿಂದಕ್ಕೆ ಸರಿಸಿ, ನಗರದ ಕಿವಿಗೆ ಒಪ್ಪುವ ವಾದ್ಯವೃಂದವನ್ನು ತಂದರು.

ಗೆಲುವು ತಂದ ಈ ತರ್ಕವೇ ಮುಂದೆ ಹಿರಿಯ ಗಾಯಕರಿಗೆ ಮುಳುವಾಯಿತು. ಜಾಹೀರಾತುದಾರರು 25ರಿಂದ 54 ವಯಸ್ಸಿನವರನ್ನೇ ಅರಸತೊಡಗಿದಾಗ, ಅದಕ್ಕೂ ಹಿರಿಯರಾದ ಕೇಳುಗರು ಎಷ್ಟೇ ಇದ್ದರೂ ಲೆಕ್ಕಕ್ಕೆ ಬಾರದವರಾದರು. 1996ರ ದೂರಸಂಪರ್ಕ ಕಾಯಿದೆಯು ಒಂದು ಕಂಪನಿ ದೇಶದಾದ್ಯಂತ ಹೊಂದಬಹುದಾದ ಕೇಂದ್ರಗಳ ಮಿತಿಯನ್ನೇ ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಕಂಪನಿಯೊಂದರ ಕೈಯಲ್ಲೇ ಸುಮಾರು 1,200 ಕೇಂದ್ರಗಳಿದ್ದವು. ಸ್ಥಳೀಯ ನಿರೂಪಕರು ತಮ್ಮ ಊರಿನವರ ಇಷ್ಟವನ್ನರಿತು ಹಾಡು ಆರಿಸುವ ಪದ್ಧತಿ ಇದರಿಂದ ಬಹಳ ಸೊರಗಿತು, ಮತ್ತು ನನ್ನ ದೃಷ್ಟಿಯಲ್ಲಿ ಅತಿ ದೊಡ್ಡ ನಷ್ಟ ಇದೇ. ಕಂಟ್ರಿ ರೇಡಿಯೊ ಬಹುಮಟ್ಟಿಗೆ ಕಡೆಗಣಿಸಿದ್ದ ಹಿರಿಯ ಗಾಯಕ ಜಾನಿ ಕ್ಯಾಶ್ ಅವರ ಆಲ್ಬಂ 1998ರಲ್ಲಿ ಗ್ರ್ಯಾಮಿ ಗೆದ್ದಾಗ, ಅವರು ಮಧ್ಯದ ಬೆರಳೆತ್ತಿದ ಹಳೆಯ ಚಿತ್ರದೊಂದಿಗೆ, ಕಂಟ್ರಿ ರೇಡಿಯೊದ ‘ಬೆಂಬಲ’ಕ್ಕೆ ಕೃತಜ್ಞತೆ ಹೇಳುವ ಜಾಹೀರಾತು ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಡಬ್ಲ್ಯುಎಸ್‌ಎಂ ಕೇಂದ್ರವನ್ನೇ ಕ್ರೀಡಾ ಹರಟೆಯ ಕೇಂದ್ರವಾಗಿಸುವ ಯೋಚನೆಯನ್ನು ಅದರ ಮಾಲೀಕರು 2002ರ ಜನವರಿಯಲ್ಲಿ ಕೈಬಿಟ್ಟದ್ದು ಅಭಿಮಾನಿಗಳ ಪ್ರತಿಭಟನೆಯ ನಂತರ. ಈಗ ಆತಂಕ ಕಾರಿನ ಕಡೆಯಿಂದ ಬಂದಿದೆ. ವಿದ್ಯುತ್ ವಾಹನಗಳ ಮೋಟಾರು ಎಎಂ ಪ್ರಸಾರಕ್ಕೆ ಅಡಚಣೆ ಉಂಟುಮಾಡುವುದರಿಂದ ಕೆಲವು ತಯಾರಕರು ಆ ಸೌಲಭ್ಯವನ್ನು ತೆಗೆದಿದ್ದಾರೆ. ಫೋರ್ಡ್ ಕೂಡ ಹೊಸ ವಾಹನಗಳಲ್ಲಿ ಹಾಗೆಯೇ ಮಾಡಲು ಮುಂದಾಗಿ 2023ರ ಮೇ ತಿಂಗಳಲ್ಲಿ ಹಿಂದೆ ಸರಿಯಿತು. ಕಾರುಗಳಲ್ಲಿ ಎಎಂ ಕಡ್ಡಾಯಗೊಳಿಸುವ ಮಸೂದೆಯೊಂದು ಅಮೆರಿಕದ ಸಂಸತ್ತಿನ ಮುಂದೆ ಬಂದಿದೆ. ಅದರ ಪರ ವಾದಿಸುವವರು ಮುಖ್ಯವಾಗಿ ತುರ್ತು ಎಚ್ಚರಿಕೆಗಳನ್ನು ಮುಂದಿಡುತ್ತಾರಾದರೂ, ಸಣ್ಣ ಊರುಗಳ ಕ್ಲಾಸಿಕ್ ಕಂಟ್ರಿ ಕೇಂದ್ರಗಳ ಅಳಿವು ಉಳಿವೂ ಅದೇ ತರಂಗಾಂತರವನ್ನು ನೆಚ್ಚಿಕೊಂಡಿದೆ.