ಕಾನೂನಿಲ್ಲದೆ ಹಾರಿದ ಬಾವುಟ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಶಾಸನಸಭೆ 1894ರ ಫೆಬ್ರುವರಿ 7ರಂದು ಒಪ್ಪಿದ ಬಾವುಟದ ಅಳತೆ ಕಾನೂನಿನಲ್ಲಿ ಕರಾರುವಾಕ್ಕಾಗಿತ್ತು. ಬಾವುಟದ ಅಗಲ ಉದ್ದದ ಮೂರನೇ ಎರಡು ಪಾಲು. ಕಂಬದ ಕಡೆಯ ಮೇಲ್ಮೂಲೆಯಲ್ಲಿ ಒಂದು ಚೌಕ, ಅದರ ಬದಿ ಬಾವುಟದ ಅಗಲದ ಮೂರನೇ ಎರಡು ಪಾಲು. ಅಂದರೆ ಮೂರು ಅಡಿ ಉದ್ದದ ಬಾವುಟಕ್ಕೆ ಅಗಲ ಎರಡು ಅಡಿ, ಚೌಕ 16 ಅಂಗುಲ. ಉಳಿದ ಜಾಗದಲ್ಲಿ ನೀಲಿ, ಬಿಳಿ, ಕೆಂಪಿನ ಮೂರು ಸಮ ಪಟ್ಟೆಗಳು, ಒಂದೊಂದೂ ಎಂಟು ಅಂಗುಲ. ಕೆಳಗಿನ ಕೆಂಪು ಪಟ್ಟೆಯೊಂದೇ ಈ ತುದಿಯಿಂದ ಆ ತುದಿಯವರೆಗೆ ಓಡುತ್ತದೆ, ಮೇಲಿನೆರಡನ್ನು ಚೌಕ ಅರ್ಧಕ್ಕೇ ತಡೆಯುತ್ತದೆ.

ಜಗಳವೆಲ್ಲ ಆ ಚೌಕದ್ದು. ಕೆಂಪು ನೆಲದ ಮೇಲೆ ಮೂಲೆಯಿಂದ ಮೂಲೆಗೆ ಹಾದ ನೀಲಿ ಕತ್ತರಿ ಪಟ್ಟಿ, ಅದಕ್ಕೆ ಬಿಳಿ ಅಂಚು, ಅದರೊಳಗೆ ಐದು ಮೊನೆಯ 13 ನಕ್ಷತ್ರ. ಅಮೆರಿಕದ ಮೂಲ 13 ರಾಜ್ಯಗಳ ಲೆಕ್ಕಕ್ಕೆ ಸರಿಯಾಗಿ ಇಷ್ಟು ನಕ್ಷತ್ರ ಎಂದು ಕಾನೂನು ಹೇಳಿತು. ದಕ್ಷಿಣದ ರಾಜ್ಯಗಳ ಕೂಟವಾದ ಕಾನ್ಫೆಡರಸಿಯ ಹೆಸರನ್ನು ಎಲ್ಲೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟ ತೊರೆದ ದಕ್ಷಿಣದ ರಾಜ್ಯಗಳ ಸೈನ್ಯ ರಣರಂಗದಲ್ಲಿ ಹಿಡಿದ ಬಾವುಟ ಅದೆಂದು ನೋಡಿದವರಿಗೆಲ್ಲ ಗೊತ್ತಿತ್ತು.

ಇದು ಅಂತರ್ಯುದ್ಧದ ಕಾಲದ ರಾಜ್ಯ ಬಾವುಟವಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. 1861ರ ಜನವರಿ 9ರಂದು ಒಕ್ಕೂಟದಿಂದ ಹೊರನಡೆದ ಮಿಸಿಸಿಪ್ಪಿ, ಅದೇ ತಿಂಗಳು ಆರಿಸಿಕೊಂಡದ್ದು ಬೇರೆ ಬಾವುಟವನ್ನು. ಅದರಲ್ಲಿ ಬಿಳಿ ಬಟ್ಟೆಯ ನಡುವೆ ಮ್ಯಾಗ್ನೋಲಿಯಾ ಮರ, ಮೂಲೆಯ ನೀಲಿ ಚೌಕದಲ್ಲಿ ಒಂಟಿ ನಕ್ಷತ್ರ ಇದ್ದವು. ಯುದ್ಧ ಸೋತ ಮೇಲೆ 1865ರಲ್ಲಿ ಅದು ರದ್ದಾಯಿತು. ಅಲ್ಲಿಂದ 29 ವರ್ಷ ರಾಜ್ಯಕ್ಕೆ ಬಾವುಟವೇ ಇರಲಿಲ್ಲ. ಹಾಗಿದ್ದ ಮೇಲೆ 1894ರಲ್ಲಿ, ಯುದ್ಧ ಮುಗಿದು ಒಂದು ತಲೆಮಾರು ಕಳೆದ ಮೇಲೆ, ರಣರಂಗದ ಗುರುತು ಏಕೆ ಬಂತು?

ಉತ್ತರ 1890ರ ರಾಜ್ಯ ಸಂವಿಧಾನದಲ್ಲಿದೆ. ಆಗ ಮಿಸಿಸಿಪ್ಪಿಯ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನರಿದ್ದರು. ಬಣ್ಣ ನೋಡಿ ಮತದ ಹಕ್ಕು ಕಸಿಯುವುದನ್ನು ಅಮೆರಿಕದ ಸಂವಿಧಾನದ 15ನೇ ತಿದ್ದುಪಡಿ ನಿಷೇಧಿಸಿತ್ತು. ಆದ್ದರಿಂದ ಬಣ್ಣದ ಮಾತೆತ್ತದೆ ಆ ಕೆಲಸ ಮಾಡುವ ದಾರಿ ಹುಡುಕಿದರು. ಎರಡು ಡಾಲರ್ ಮತ ತೆರಿಗೆ ಕಟ್ಟಬೇಕು. ಸಂವಿಧಾನದ ಒಂದು ಕಲಮನ್ನು ಓದಬೇಕು, ಓದಲು ಬಾರದಿದ್ದರೆ ಓದಿ ಹೇಳಿದ್ದನ್ನು ಅರ್ಥಮಾಡಿಕೊಂಡು ವಿವರಿಸಬೇಕು. ವಿವರಣೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ನೋಂದಣಿ ಅಧಿಕಾರಿ, ಅವನು ಬಿಳಿಯ. ನಾಲ್ಕೇ ವರ್ಷಕ್ಕೆ ಬಾವುಟ ಬಂತು. ಸಂವಿಧಾನವೂ ಬಾವುಟವೂ ಒಂದೇ ಕೆಲಸದ ಎರಡು ಭಾಗ. ಒಂದು ಮತಪೆಟ್ಟಿಗೆಯ ದಾರಿ ಮುಚ್ಚಿತು, ಇನ್ನೊಂದು ಆಳುವವರು ಯಾರೆಂಬುದನ್ನು ಕಂಬದ ಮೇಲಿಂದ ಸಾರಿತು.

1906ರಲ್ಲಿ ರಾಜ್ಯದ ಕಾನೂನುಗಳನ್ನೆಲ್ಲ ಹೊಸದಾಗಿ ಕ್ರೋಡೀಕರಿಸಿದರು. ಹೊಸ ಸಂಹಿತೆಯಲ್ಲಿ ಸೇರದ ಹಳೆಯ ಕಾನೂನು ತಾನಾಗಿಯೇ ರದ್ದು. ಬಾವುಟದ ಕಾನೂನು ಸೇರಲೇ ಇಲ್ಲ. ಯಾರೂ ಗಮನಿಸಲೂ ಇಲ್ಲ. ಶಾಲೆ, ಕೋರ್ಟು, ಶಾಸನಸಭೆಯ ಮೇಲೆಲ್ಲ ಬಾವುಟ ಹಾರುತ್ತಲೇ ಇತ್ತು. (ಕಾಗದಪತ್ರದ ಇಂಥ ಲೋಪ ಇಲ್ಲಿ ಇದೊಂದೇ ಅಲ್ಲ. ಗುಲಾಮಗಿರಿ ರದ್ದುಮಾಡಿದ 13ನೇ ತಿದ್ದುಪಡಿಗೆ ಮಿಸಿಸಿಪ್ಪಿ ಒಪ್ಪಿಗೆ ಕೊಟ್ಟದ್ದೇ 1995ರಲ್ಲಿ. ಆ ಪತ್ರ ಸರಿಯಾದ ಕಚೇರಿಗೆ ತಲುಪಿ ದಾಖಲಾದದ್ದು 2013ರಲ್ಲಿ.)

1993ರಲ್ಲಿ ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಬಾವುಟದ ವಿರುದ್ಧ ಮೊಕದ್ದಮೆ ಹೂಡಿತು. ರಾಜ್ಯದ ಸುಪ್ರೀಂ ಕೋರ್ಟು 2000ದಲ್ಲಿ ತೀರ್ಪು ಕೊಟ್ಟಿತು: ಈ ಬಾವುಟದಿಂದ ಸಾಂವಿಧಾನಿಕ ಹಕ್ಕಿಗೆ ಧಕ್ಕೆಯಾಗಿಲ್ಲ, ಆದರೆ 1906ರಿಂದ ರಾಜ್ಯಕ್ಕೆ ಅಧಿಕೃತ ಬಾವುಟವೇ ಇಲ್ಲ, ಏನು ಮಾಡಬೇಕೆಂದು ಶಾಸಕರು ಮತ್ತು ಗವರ್ನರ್ ತೀರ್ಮಾನಿಸಲಿ.

ಅಲ್ಲಿನ ಗವರ್ನರ್ ನಮ್ಮ ಮುಖ್ಯಮಂತ್ರಿಯ ಹಾಗೆ ಸರ್ಕಾರ ನಡೆಸುವವರು. ಆಗ ಇದ್ದವರು ರಾನಿ ಮಸ್‌ಗ್ರೋವ್. ಮಾಜಿ ಗವರ್ನರ್ ವಿಲಿಯಂ ವಿಂಟರ್ ಅವರ ನೇತೃತ್ವದಲ್ಲಿ ಆಯೋಗ ರಚನೆಯಾಯಿತು, ಊರೂರಿನಲ್ಲಿ ಅಹವಾಲು ಸಭೆ ನಡೆಯಿತು, ಕೂಗಾಟವೂ ನಡೆಯಿತು. ಆಯೋಗ ಪಟ್ಟೆಗಳನ್ನು ಹಾಗೇ ಬಿಟ್ಟು ಚೌಕವನ್ನಷ್ಟೇ ಬದಲಿಸಿತು. ನೀಲಿ ನೆಲದಲ್ಲಿ 20 ಬಿಳಿ ನಕ್ಷತ್ರ, ಏಕೆಂದರೆ ಮಿಸಿಸಿಪ್ಪಿ ಒಕ್ಕೂಟಕ್ಕೆ ಸೇರಿದ 20ನೇ ರಾಜ್ಯ. ಹೊರ ಸುತ್ತಿನಲ್ಲಿ 13, ಒಳ ಸುತ್ತಿನಲ್ಲಿ 6, ನಡುವೆ ದೊಡ್ಡದೊಂದು. 2001ರ ಏಪ್ರಿಲ್ 17ರ ಜನಮತಗಣನೆಯಲ್ಲಿ ಶೇ 64ರಷ್ಟು ಮತ ಹಳೆಯದಕ್ಕೇ ಬಿತ್ತು. ಕಾನೂನಿನ ಆಸರೆಯಿಲ್ಲದೆ ಹಾರುತ್ತಿದ್ದ ಬಾವುಟಕ್ಕೆ ಅಂದು ಕಾನೂನಿನ ಆಸರೆ ಸಿಕ್ಕಿತು.

ಸೋತದ್ದು ವಿನ್ಯಾಸವಲ್ಲ, ಪ್ರಶ್ನೆ ಕೇಳಿದ ಕ್ರಮ. ಮತಪತ್ರದಲ್ಲಿ ಒಂದು ಕಡೆ ನೂರು ವರ್ಷದಿಂದ ಕಂಡ ಬಾವುಟ, ಇನ್ನೊಂದು ಕಡೆ ಯಾರ ಮನಸ್ಸಿಗೂ ಹತ್ತದ ಹೊಸ ಚಿತ್ರ. ಹೀಗೆ ಎರಡನ್ನೂ ಎದುರುಬದುರು ನಿಲ್ಲಿಸಿದರೆ ರೂಢಿ ಗೆಲ್ಲುತ್ತದೆ. ಬದಲಾವಣೆ ಬೇಕು ಆದರೆ ಈ ಚಿತ್ರ ಬೇಡ ಎನ್ನುವವರಿಗೂ ಹಳೆಯದನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅದೇ 2001ರಲ್ಲಿ ಜಾರ್ಜಿಯಾ ರಾಜ್ಯದ ಶಾಸನಸಭೆ ಜನಮತ ಕೇಳದೆ ಬಾವುಟ ಬದಲಿಸಿತ್ತು. ಮರುವರ್ಷ ಅಲ್ಲಿನ ಗವರ್ನರ್ ರಾಯ್ ಬಾರ್ನ್ಸ್ ಚುನಾವಣೆಯಲ್ಲಿ ಸೋತರು. ಅದನ್ನು ಕಂಡ ಮಿಸಿಸಿಪ್ಪಿಯ ರಾಜಕಾರಣಿಗಳು ಬಹುಕಾಲ ಈ ವಿಷಯದ ತಂಟೆಗೆ ಹೋಗಲಿಲ್ಲ.

2015ರ ಜೂನ್‌ನಲ್ಲಿ ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್ ಚರ್ಚಿನಲ್ಲಿ ಬಿಳಿ ಜನಾಂಗವಾದಿಯೊಬ್ಬ ಒಂಬತ್ತು ಮಂದಿ ಕಪ್ಪು ಜನರನ್ನು ಗುಂಡಿಕ್ಕಿ ಕೊಂದ. ಆಮೇಲೆ ಮಿಸಿಸಿಪ್ಪಿ ಕೆಳಮನೆಯ ಸ್ಪೀಕರ್ ಫಿಲಿಪ್ ಗನ್, ಸ್ವತಃ ಸಂಪ್ರದಾಯವಾದಿ ರಿಪಬ್ಲಿಕನ್ ಪಕ್ಷದವರು, ಬಾವುಟ ಬದಲಾಗಬೇಕೆಂದು ಬಹಿರಂಗವಾಗಿ ಹೇಳಿದರು. ಮಸೂದೆಗಳು ಮುಂದೆ ಹೋಗಲಿಲ್ಲ. ಆದರೆ 2016 ಮುಗಿಯುವಷ್ಟರಲ್ಲಿ ರಾಜ್ಯದ ಎಂಟೂ ಸರ್ಕಾರಿ ವಿಶ್ವವಿದ್ಯಾಲಯಗಳು ಅದನ್ನು ಹಾರಿಸುವುದನ್ನು ಬಿಟ್ಟಿದ್ದವು.

2020ರ ಮೇನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಹತ್ಯೆಯಾದ ಮೇಲೆ ಒತ್ತಡ ಎಲ್ಲ ಕಡೆಯಿಂದ ಬಂತು. ಈ ಬಾವುಟ ಇರುವವರೆಗೆ ರಾಜ್ಯದಲ್ಲಿ ಕಾಲೇಜು ಚಾಂಪಿಯನ್‌ಷಿಪ್ ಪಂದ್ಯಗಳಿಲ್ಲ ಎಂದು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಜೂನ್ 19ರಂದು ಹೇಳಿತು. ಬ್ಯಾಪ್ಟಿಸ್ಟ್ ಚರ್ಚಿನ ರಾಜ್ಯ ಸಂಘವೂ ಬದಲಾವಣೆ ಕೇಳಿತು. ಅಲ್ಲಿ ಕಾಲೇಜು ಆಟಕ್ಕೂ ಚರ್ಚಿಗೂ ಇರುವ ತೂಕ ಬಲ್ಲವರಿಗೆ ಇದರ ಬೆಲೆ ಗೊತ್ತು.

ಮಸೂದೆ ತರುವ ಗಡುವು ಆಗಲೇ ಮುಗಿದಿತ್ತು. ನಿಯಮ ಸಡಿಲಿಸಲು ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಜೂನ್ 27ರ ಶನಿವಾರ ಕೆಳಮನೆಯಲ್ಲಿ 80ಕ್ಕೂ ಹೆಚ್ಚು ಮತ ಪರವಾಗಿ ಬಿದ್ದವು, ಮೇಲ್ಮನೆಯಲ್ಲಿ 36–14. ಚಲಾಯಿಸಿದ ಮತಗಳ ಲೆಕ್ಕದಲ್ಲಿ ಕೆಳಮನೆಗೆ 80, ಮೇಲ್ಮನೆಗೆ 34 ಸಾಕಿತ್ತು. ನಿಜವಾದ ಅಗ್ನಿಪರೀಕ್ಷೆ ಅದೇ. ಮರುದಿನ ಸರಳ ಬಹುಮತ ಸಾಕಾಗಿದ್ದ ಮಸೂದೆ 91–23 ಮತ್ತು 37–14ರಲ್ಲಿ ಪಾಸಾಯಿತು. ಜೂನ್ 30ರಂದು ಗವರ್ನರ್ ಟೇಟ್ ರೀವ್ಸ್ ಅಂಕಿತ ಹಾಕಿದರು.

ಈ ಸಲ ಕ್ರಮ ತಿರುವುಮುರುವಾಗಿತ್ತು. ಮೊದಲು ಹಳೆಯದು ರದ್ದು, 15 ದಿನದೊಳಗೆ ಇಳಿಸಬೇಕು. ಆಮೇಲೆ ಒಂಬತ್ತು ಸದಸ್ಯರ ಆಯೋಗ ಒಂದೇ ಒಂದು ವಿನ್ಯಾಸ ಆರಿಸಬೇಕು. ಅದರ ಮೇಲೆ ಜನ ಹೌದು ಅಥವಾ ಬೇಡ ಎನ್ನಬೇಕು. ಬೇಡ ಎಂದರೆ ಆಯೋಗ ಮತ್ತೊಂದನ್ನು ತರುತ್ತದೆ, ಹಳೆಯದು ಮಾತ್ರ ಮರಳಿ ಬರುವುದಿಲ್ಲ. ಷರತ್ತು ಎರಡೇ: ಕಾನ್ಫೆಡರಸಿಯ ರಣಧ್ವಜದ ಗುರುತು ಇರಕೂಡದು, ‘ದೇವರಲ್ಲಿ ನಮ್ಮ ನಂಬಿಕೆ’ ಎಂಬ ಅರ್ಥದ ಇಂಗ್ಲಿಷ್ ಸಾಲು ಇರಲೇಬೇಕು. ಎರಡನೆಯದು ರಾಜಿಯ ಬೆಲೆ. ಬಾವುಟದಲ್ಲಿ ಅಕ್ಷರ ಹಾಕುವುದು ಒಳ್ಳೆಯ ಕಸುಬಲ್ಲ. ಒಂದೇ ಪದರದ ಬಟ್ಟೆಯಾದರೆ ಹಿಂಬದಿಯಿಂದ ಸಾಲು ತಿರುಗಾಮುರುಗಾ ಕಾಣುತ್ತದೆ, ದೂರಕ್ಕೆ ಓದಲೂ ಆಗದು.

ಆಯೋಗದ ಅಧ್ಯಕ್ಷರು ರೂಬೆನ್ ಆಂಡರ್ಸನ್, ರಾಜ್ಯದ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಯಾದ ಮೊದಲ ಕಪ್ಪು ವ್ಯಕ್ತಿ. ಜನರು ಕಳಿಸಿದ ವಿನ್ಯಾಸಗಳು ಸುಮಾರು 3,000. ಕೊನೆಗುಳಿದ ಐದನ್ನು ರಾಜಧಾನಿ ಜಾಕ್ಸನ್‌ನ ಹಳೆಯ ಶಾಸನಸಭಾ ಕಟ್ಟಡದಲ್ಲಿ ಕಂಬಕ್ಕೇರಿಸಿ ನೋಡಿದರು, ಏಕೆಂದರೆ ಕಾಗದದ ಮೇಲೆ ಚೆಂದ ಕಂಡದ್ದು ಗಾಳಿಯಲ್ಲಿ ಮುದುಡಿ ಗುರುತೇ ಸಿಗದಿರಬಹುದು. ಸೆಪ್ಟೆಂಬರ್ 2ರಂದು 8–1ರಿಂದ ಮ್ಯಾಗ್ನೋಲಿಯಾ ಗೆದ್ದಿತು.

ನಡುವೆ ಕಡುನೀಲಿ, ಎರಡು ಬದಿಗೆ ಕೆಂಪು, ಸಂಧಿಯಲ್ಲಿ ಚಿನ್ನದ ಬಣ್ಣದ ಸಪೂರ ಗೆರೆ. ನಡುವೆ ಬಿಳಿ ಮ್ಯಾಗ್ನೋಲಿಯಾ ಹೂ. ನಮ್ಮ ಕೆಂಡಸಂಪಿಗೆಯೂ ಇದೇ ಕುಲದ್ದು, ಆದರೆ ಅಲ್ಲಿನ ಹೂ ಬೊಗಸೆ ತುಂಬುವಷ್ಟು ದೊಡ್ಡದು. 1900ರಲ್ಲೇ ಶಾಲಾ ಮಕ್ಕಳು ಮತ ಹಾಕಿ ಅದನ್ನು ರಾಜ್ಯದ ಹೂವಾಗಿ ಆರಿಸಿದ್ದರು, ಕಾನೂನಿನ ಮುದ್ರೆ ಬಿದ್ದದ್ದು 1952ರಲ್ಲಿ. ಹೂವಿನ ಸುತ್ತ 20 ಬಿಳಿ ನಕ್ಷತ್ರ, ನೆತ್ತಿಯಲ್ಲಿ ಚಿನ್ನದ ಬಣ್ಣದ ಒಂದು ದೊಡ್ಡ ನಕ್ಷತ್ರ. ಆ ಒಂದನ್ನು ಹತ್ತಿರದಿಂದ ನೋಡಿದರೆ ಐದು ವಜ್ರಾಕಾರದ ಚೂರುಗಳು ಸೇರಿ ಆಗಿರುವುದು ಕಾಣುತ್ತದೆ. ವಜ್ರಾಕಾರ ಚಾಕ್ಟಾ ಮೂಲನಿವಾಸಿಗಳ ಬಟ್ಟೆಯ ಅಂಚಿನಲ್ಲಿ ಬರುವ ಚಿತ್ತಾರ. ಎಲ್ಲರಿಗಿಂತ ಮೊದಲು ಆ ನೆಲದಲ್ಲಿದ್ದವರ ಗುರುತು ಎಲ್ಲಕ್ಕಿಂತ ಮೇಲಿದೆ.

2020ರ ನವೆಂಬರ್ 3ರಂದು ಶೇ 70ಕ್ಕಿಂತ ಹೆಚ್ಚು ಮತದಾರರು ಹೌದು ಎಂದರು. 2021ರ ಜನವರಿ 11ರಂದು ಅದು ಕಾನೂನಾಯಿತು.

ನವೆಂಬರ್ 3ರ ಅದೇ ಮತಪತ್ರದಲ್ಲಿ 1890ರ ಇನ್ನೊಂದು ಪಳೆಯುಳಿಕೆಯೂ ಇತ್ತು. ಗವರ್ನರ್ ಆಗಲು ಜನರ ಬಹುಮತದ ಜೊತೆಗೆ ಕೆಳಮನೆಯ 122 ಕ್ಷೇತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನೂ ಗೆಲ್ಲಬೇಕು, ಇಲ್ಲದಿದ್ದರೆ ಕೆಳಮನೆಯೇ ಆರಿಸುತ್ತದೆ ಎಂಬ ನಿಯಮ. 1999ರಲ್ಲಿ ಮಸ್‌ಗ್ರೋವ್ ಅವರಿಗೂ ಎದುರಾಳಿಗೂ ತಲಾ 61 ಕ್ಷೇತ್ರ ಬಂದು, ಕೆಳಮನೆಯೇ ಅವರನ್ನು ಆರಿಸಬೇಕಾಗಿ ಬಂದಿತ್ತು. ಬಾವುಟಕ್ಕೆ ಹೌದು ಎಂದ ಮತದಾರರು ಈ ನಿಯಮವನ್ನೂ ಕಿತ್ತುಹಾಕಿದರು. ಆದರೆ 1890ರ ಸಂವಿಧಾನ ಇಂದಿಗೂ ಜಾರಿಯಲ್ಲಿದೆ. ಕೆಲವು ಅಪರಾಧಗಳಿಗೆ ಶಿಕ್ಷೆಯಾದವರ ಮತದ ಹಕ್ಕನ್ನು ಜೀವನಪರ್ಯಂತ ಕಸಿಯುವ ಅದರ 241ನೇ ಕಲಮು ಹಾಗೇ ಉಳಿದಿದೆ.