ಬೂಟ್‌ಸ್ಟ್ರಾಪ್ 100 ಬಂದರೂ ವಂಶವೃಕ್ಷ ತಪ್ಪಿರಬಹುದು: ಅಧ್ಯಯನ ಟಿಪ್ಪಣಿ

ಪ್ರಭೇದಗಳ ನಂಟನ್ನು ಕವಲುಗಳಾಗಿ ತೋರಿಸುವ ಚಿತ್ರವೇ ವಂಶವೃಕ್ಷ, ಚಿಕ್ಕದಾಗಿ ಮರ. ಹತ್ತು ಪ್ರಭೇದಗಳಿದ್ದರೆ ಬೇರು (ಎಲ್ಲರ ಮೂಲ ಪೂರ್ವಜ) ಗುರುತಿಸದ ಮರಗಳು 20,27,025 ಬಗೆಯಲ್ಲಿ ಸಾಧ್ಯ. ಇಪ್ಪತ್ತಾದರೆ ಆ ಸಂಖ್ಯೆಯಲ್ಲಿ 21 ಅಂಕಿಗಳಿರುತ್ತವೆ. ಅಷ್ಟನ್ನೂ ಪರೀಕ್ಷಿಸುವುದು ಆಗದ ಮಾತು. ಐಕ್ಯೂ-ಟ್ರೀಯಂಥ ತಂತ್ರಾಂಶಗಳು ಕೈಗೆ ಸಿಕ್ಕ ಮರದ ಕೊಂಬೆಗಳನ್ನು ಅದಲುಬದಲು ಮಾಡುತ್ತಾ, ಲೈಕ್ಲಿಹುಡ್ (ಆ ಮರ ನಿಜವಾದರೆ ಈ ದತ್ತಾಂಶ ಸಿಗುವ ಸಂಭವ) ಏರಿದರೆ ಹೊಸ ಮರವನ್ನು ಇಟ್ಟುಕೊಳ್ಳುತ್ತವೆ. ಈ ಹುಡುಕಾಟ ಅತ್ಯುತ್ತಮ ಮರ ತಲುಪದೆ ನಡುವೆಯೇ ಸಿಕ್ಕಿಕೊಳ್ಳುವುದುಂಟು. ಬೇರೆ ಬೇರೆ ಸೀಡ್ (ಹುಡುಕಾಟದ ಆರಂಭ ನಿರ್ಧರಿಸುವ ಸಂಖ್ಯೆ) ಕೊಟ್ಟು ಹಲವು ಸಲ ಓಡಿಸಿ, ಲೈಕ್ಲಿಹುಡ್‌ಗಳನ್ನು ಹೋಲಿಸಿ.

ಅದಕ್ಕೂ ಮೊದಲು ಅಲೈನ್‌ಮೆಂಟ್, ಅಂದರೆ ಪ್ರಭೇದಗಳ ಡಿಎನ್‌ಎ ಅಕ್ಷರಗಳನ್ನು ಸಮಾನ ಸ್ಥಾನಗಳು ಒಂದೇ ಕಾಲಮ್‌ಗೆ ಬರುವಂತೆ ಜೋಡಿಸುವುದು. ಪ್ರೋಟೀನ್ ಜೀನ್ ಆದರೆ ಮೊದಲು ಅಮೈನೋ ಆಮ್ಲಗಳಿಗೆ ತರ್ಜುಮೆ ಮಾಡಿ, ಮಾಫ್ಟ್ ತಂತ್ರಾಂಶದಲ್ಲಿ ಜೋಡಿಸಿ, ಆಮೇಲೆ ಡಿಎನ್‌ಎಗೆ ಮರಳಿಸಿ. ಆಗ ಗ್ಯಾಪ್‌ಗಳು (ಜೋಡಿಸಲು ಬಿಟ್ಟ ಖಾಲಿ ಜಾಗಗಳು) ಮೂರರ ಗುಣಕದಲ್ಲೇ ಬೀಳುತ್ತವೆ. ನೇರವಾಗಿ ಡಿಎನ್‌ಎ ಜೋಡಿಸಿದಾಗ ಒಂದೇ ಅಕ್ಷರದ ಗ್ಯಾಪ್ ನುಸುಳಿದರೆ ಅಲ್ಲಿಂದ ಮುಂದೆ ಕೋಡಾನ್‌ಗಳೆಲ್ಲ (ಒಂದು ಅಮೈನೋ ಆಮ್ಲ ಸೂಚಿಸುವ ಮೂರಕ್ಷರದ ಗುಂಪುಗಳು) ಅಡ್ಡಾದಿಡ್ಡಿ. ಫೈಲನ್ನು ಒಮ್ಮೆ ಕಣ್ಣಾರೆ ನೋಡಲೇಬೇಕು.

ಮಾಡೆಲ್, ಅಂದರೆ ಅಕ್ಷರಗಳು ಹೇಗೆ ಬದಲಾಗುತ್ತವೆಂಬ ಲೆಕ್ಕದ ಮಾದರಿ, ಯಾಕೆ ಬೇಕು? ಒಂದೇ ಸ್ಥಾನ ಎರಡು ಮೂರು ಸಲ ಬದಲಾಗಿದ್ದರೂ ನಮಗೆ ಕಾಣುವುದು ಹೆಚ್ಚೆಂದರೆ ಒಂದು ವ್ಯತ್ಯಾಸ. 1969ರ ಜೂಕ್ಸ್–ಕ್ಯಾಂಟರ್ ಸೂತ್ರದ ಪ್ರಕಾರ 30% ವ್ಯತ್ಯಾಸ ಕಂಡರೆ ನಿಜವಾದ ದೂರ ಪ್ರತಿ ಸ್ಥಾನಕ್ಕೆ 0.38 ಬದಲಾವಣೆ, 60% ಕಂಡರೆ 1.21. ಕಂಡ ವ್ಯತ್ಯಾಸ 75% ಮುಟ್ಟಿದರೆ ಲೆಕ್ಕವೇ ಸಿಗುವುದಿಲ್ಲ, ದೂರ ಅನಂತವಾಗುತ್ತದೆ. ಕೋಡಾನ್‌ನ ಮೂರನೇ ಸ್ಥಾನ ಎಲ್ಲಕ್ಕಿಂತ ಮೊದಲು ಹೀಗೆ ಬದಲಾವಣೆಗಳಿಂದ ತುಂಬಿಹೋಗುತ್ತದೆ.

ಈಗ ಬೂಟ್‌ಸ್ಟ್ರಾಪ್, ಅಂದರೆ ಮರದ ಕವಲುಗಳಿಗೆ ಬೆಂಬಲ ಎಷ್ಟೆಂದು ಅಳೆಯುವ ವಿಧಾನ. ಜೀವವಿಜ್ಞಾನಿ ಫೆಲ್ಸೆನ್‌ಸ್ಟೀನ್ 1985ರಲ್ಲಿ ಇದನ್ನು ವಂಶವೃಕ್ಷಗಳಿಗೆ ತಂದರು. ಅಲೈನ್‌ಮೆಂಟ್‌ನ ಕಾಲಮ್‌ಗಳನ್ನು ಯಾದೃಚ್ಛಿಕವಾಗಿ ಹೆಕ್ಕುವುದು, ಹೆಕ್ಕಿದ್ದನ್ನು ಮತ್ತೆ ಹೆಕ್ಕಲೂ ಬಿಡುವುದು, ಮೊದಲಿದ್ದಷ್ಟೇ ಉದ್ದದ ದತ್ತಾಂಶ ಸಿದ್ಧವಾದ ಮೇಲೆ ಮರ ಕಟ್ಟುವುದು. ಹೀಗೆ ನೂರಾರು ಬಾರಿ. ಒಂದು ಕವಲು ಶೇಕಡಾ ಎಷ್ಟು ಮರಗಳಲ್ಲಿ ಬಂತೋ ಅದೇ ಅದರ ಅಂಕ. ದತ್ತಾಂಶ ಸಾಕಷ್ಟಿದೆಯೇ ಎಂದು ಇದು ಹೇಳುತ್ತದೆ. ಮಾಡೆಲ್ ತಪ್ಪಿದ್ದರೆ ಪ್ರತಿ ಬಾರಿಯೂ ಅದೇ ತಪ್ಪು ಮರ ಬರಬಹುದು, ಅಂಕ ಮಾತ್ರ 100! ಜೀನ್‌ಗಳನ್ನು ಸೇರಿಸುತ್ತಾ ಹೋದರೆ ಆ ತಪ್ಪು ಇನ್ನೂ ಗಟ್ಟಿಯಾಗುತ್ತದೆ.

ಮೈಕ್ರೋಸ್ಪೊರಿಡಿಯಾಗಳ (ಒಂದೇ ಕೋಶದ ಪರಾವಲಂಬಿಗಳ) ಕಥೆ ಇದೇ. ಆರ್‌ಆರ್‌ಎನ್‌ಎ (ರೈಬೋಸೋಮ್‌ನ ಆರ್‌ಎನ್‌ಎ) ಮರಗಳಲ್ಲಿ ಅವು ಯೂಕ್ಯಾರಿಯೋಟ್‌ಗಳ (ಕೋಶಕೇಂದ್ರವಿರುವ ಜೀವಿಗಳ) ಬುಡದಲ್ಲೇ ಕವಲೊಡೆದಂತೆ ಕಾಣುತ್ತಿದ್ದವು. ವಾಸ್ತವದಲ್ಲಿ ಅವು ಶಿಲೀಂಧ್ರಗಳ ಬಳಗ. ಬಲು ವೇಗವಾಗಿ ಬದಲಾದ್ದರಿಂದ ಅವುಗಳ ಕೊಂಬೆ ಉದ್ದವಾಗಿ, ದೂರದ ಔಟ್‌ಗ್ರೂಪ್‌ನ (ಬೇರು ಗುರುತಿಸಲು ಸೇರಿಸಿದ ಹೊರಗುಂಪಿನ) ಉದ್ದ ಕೊಂಬೆಗೆ ಹೋಗಿ ಅಂಟಿತ್ತು.

ಇಂಥ ಅನುಮಾನ ಬಂದರೆ ಔಟ್‌ಗ್ರೂಪ್ ತೆಗೆದು ಓಡಿಸಿ. ಒಳಗಿನ ರಚನೆ ಬದಲಾದರೆ ದೋಷ ಅಲ್ಲಿರಬಹುದು. ಉದ್ದ ಕೊಂಬೆಯನ್ನು ಮಧ್ಯದಲ್ಲಿ ಒಡೆಯುವಂಥ ಹತ್ತಿರದ ಪ್ರಭೇದಗಳನ್ನು ಸೇರಿಸಿ. ಮೂರನೇ ಸ್ಥಾನಗಳನ್ನು ಕೈಬಿಟ್ಟೂ ನೋಡಿ. ಇನ್ನೊಂದು: ಐಕ್ಯೂ-ಟ್ರೀಯ ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್‌ನಲ್ಲಿ (ವೇಗದ ಅಂದಾಜು ವಿಧಾನದಲ್ಲಿ) 95ಕ್ಕಿಂತ ಕೆಳಗಿನ ಅಂಕವನ್ನು ಗಟ್ಟಿ ಬೆಂಬಲ ಎನ್ನಬೇಡಿ. 70 ಸಾಕೆನ್ನುವ ರೂಢಿ ಫೆಲ್ಸೆನ್‌ಸ್ಟೀನ್‌ರ ಹಳೆಯ ವಿಧಾನದ್ದು.