ಪಿಂಗ್ ಹೋಯ್ತು ಅಂದ ತಕ್ಷಣ ಲ್ಯಾಬ್ ಮುಚ್ಚಬೇಡಿ

ದಾವಣಗೆರೆ ಕಡೆ ಹುಡುಗ ಒಬ್ಬ ಸಿಸಿಎನ್‌ಎ ಅನ್ನೋ ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ ಬರೀಬೇಕು ಅಂತ ಮೂರು ತಿಂಗಳಿಂದ ಓದ್ತಾ ಇದ್ದಾನೆ. ಮೊನ್ನೆ ರಾತ್ರಿ ಫೋನ್ ಮಾಡಿ, "ಸರ್, ವಿಲ್ಯಾನ್ 10 ಪಿಂಗ್ ಹೋಗ್ತಿದೆ, 20 ಹೋಗ್ತಾನೇ ಇಲ್ಲ, ಎರಡಕ್ಕೂ ಒಂದೇ ಥರ ಕಾನ್ಫಿಗರ್ ಮಾಡಿದೀನಿ, ಪ್ಯಾಕೆಟ್ ಟ್ರೇಸರ್‌ದೇ ಬಗ್ ಇರ್ಬೇಕು" ಅಂದ. ವಿಲ್ಯಾನ್ ಅಂದ್ರೆ ಒಂದೇ ಸ್ವಿಚ್‌ನೊಳಗೆ ಬೇರೆ ಬೇರೆ ಮಾಡಿದ ನೆಟ್‌ವರ್ಕ್, ಪಿಂಗ್ ಅಂದ್ರೆ ಆ ಕಡೆಯಿಂದ ಉತ್ತರ ಬರುತ್ತಾ ಅಂತ ನೋಡೋದು, ಪ್ಯಾಕೆಟ್ ಟ್ರೇಸರ್ ಅಂದ್ರೆ ಕಂಪ್ಯೂಟರ್‌ನಲ್ಲೇ ಲ್ಯಾಬ್ ಕಟ್ಟೋ ಸಾಫ್ಟ್‌ವೇರ್.

ಸಾಲಾಗಿ ಮೂರು ಸ್ವಿಚ್, ಒಂದು ತುದೀಲಿ ರೌಟರ್, ಇನ್ನೊಂದು ತುದೀಲಿ ಎರಡು ಪಿಸಿ, ಇಷ್ಟೇ ಅವನ ಲ್ಯಾಬ್. ರೌಟರ್‌ನಲ್ಲಿ ವಿಲ್ಯಾನ್‌ಗೊಂದರಂತೆ ಮಾಡೋ ಸಬ್‌ಇಂಟರ್‌ಫೇಸ್ ಸರಿಯಿದೆ, ಡೇಟಾಗೆ ವಿಲ್ಯಾನ್ ನಂಬರ್ ಅಂಟಿಸೋ ಎನ್‌ಕ್ಯಾಪ್ಸುಲೇಷನ್ ಡಾಟ್1ಕ್ಯೂ ಸರಿಯಿದೆ, ಹಲವು ವಿಲ್ಯಾನ್ ಒಟ್ಟಿಗೆ ದಾಟಿಸೋ ಟ್ರಂಕ್ ಲಿಂಕ್ ಎಲ್ಲಾ ಅಪ್. ನಾನು ಹೇಳಿದ್ದು ಒಂದೇ, ನಡುವಿನ ಸ್ವಿಚ್‌ಗೆ ಹೋಗಿ ಶೋ ಇಂಟರ್‌ಫೇಸಸ್ ಟ್ರಂಕ್ ಅನ್ನೋ ಕಮಾಂಡ್ ಕೊಡು, ಆದ್ರೆ ಎಂಟರ್ ಒತ್ತೋಕೆ ಮುಂಚೆ ಏನ್ ಬರಬಹುದು ಅಂತ ಪುಸ್ತಕದಲ್ಲಿ ಬರ್ಕೋ ಅಂತ. "ಎಲ್ಲಾ ಕಡೆ 10, 20 ಎರಡೂ ಬರುತ್ತೆ" ಅಂತ ಬರ್ಕೊಂಡ. ಬಂದಿದ್ದು ಬೇರೆ. ಟ್ರಂಕ್ ಮೇಲೆ ಅಲೌಡ್ ಅನ್ನೋ ಪಟ್ಟೀಲಿ ಎಲ್ಲಾ ವಿಲ್ಯಾನೂ ಇತ್ತು, ಅದರ ಕೆಳಗಿನ ಅಲೌಡ್ ಅಂಡ್ ಆಕ್ಟಿವ್ ಪಟ್ಟೀಲಿ 1 ಮತ್ತೆ 10 ಮಾತ್ರ. ನಡುವಿನ ಸ್ವಿಚ್‌ಗೆ ವಿಲ್ಯಾನ್ 20ರ ಪಿಸಿ ಯಾವುದೂ ಹಾಕಿಲ್ಲ, ಹಾಗಾಗಿ ಅಲ್ಲಿ ಆ ವಿಲ್ಯಾನ್ ಹುಟ್ಟೇ ಇಲ್ಲ. 10 ಹುಟ್ಟಿದ್ದು ಯಾಕೆ ಅಂದ್ರೆ ಅದೇ ಸ್ವಿಚ್‌ನಲ್ಲಿ ಒಂದು ಪೋರ್ಟನ್ನ ಆಕ್ಸೆಸ್ ವಿಲ್ಯಾನ್ 10 ಮಾಡಿದ್ದ, ಆಗ ಸ್ವಿಚ್ ತಾನೇ ಅದನ್ನ ಕ್ರಿಯೇಟ್ ಮಾಡ್ಕೊಳ್ಳುತ್ತೆ. ಬರೀ ದಾಟಿಸೋ ಸ್ವಿಚ್ ಆದ್ರೂ ಅದಕ್ಕೆ ಆ ವಿಲ್ಯಾನ್ ಗೊತ್ತಿರಬೇಕು, ಇಲ್ಲಾಂದ್ರೆ ಫ್ರೇಮ್, ಅಂದ್ರೆ ಡೇಟಾ ತುಣುಕು, ಅಲ್ಲೇ ಬಿದ್ದೋಗುತ್ತೆ. ವಿಲ್ಯಾನ್ 20 ಅಂತ ಒಂದು ಸಾಲು ಹೊಡೆದ, ಪಿಂಗ್ ಹೋಯ್ತು.

ಇದನ್ನ ಇಷ್ಟು ಎಳೆದು ಹೇಳೋಕೆ ಕಾರಣ ಇದೆ. ಹುಡುಗರು ಲ್ಯಾಬ್ ಅಂದ್ರೆ ವಿಡಿಯೋ ನೋಡ್ಕೊಂಡು ಕಮಾಂಡ್ ಟೈಪ್ ಮಾಡೋದು, ಪಿಂಗ್ ಹೋದ್ರೆ ಸೇವ್ ಮಾಡಿ ಮುಂದಿನ ಟಾಪಿಕ್‌ಗೆ ಹೋಗೋದು ಅಂದ್ಕೊಂಡಿದಾರೆ. ಈಗಿರೋ ಸಿಸಿಎನ್‌ಎ, ಅಂದ್ರೆ 200-301 ಪರೀಕ್ಷೆ, 2020ರ ಫೆಬ್ರವರೀಲಿ ಶುರುವಾಗಿದ್ದು, 120 ನಿಮಿಷ, ಒಂದು ಪ್ರಶ್ನೆ ದಾಟಿದ್ರೆ ವಾಪಸ್ ಬರೋ ಹಾಗಿಲ್ಲ. ಒಂದು ಔಟ್‌ಪುಟ್ ತೋರಿಸಿ ಇಲ್ಲಿ ಏನ್ ತಪ್ಪಿದೆ ಹೇಳು ಅಂತಾರೆ. ಕೆಟ್ಟಿರೋ ಔಟ್‌ಪುಟ್ಟನ್ನ ಮನೇಲಿ ಒಂದು ಸಲಾನೂ ನೋಡದೇ ಇದ್ದೋನಿಗೆ ಅಲ್ಲಿ ಹೇಗೆ ಕಾಣುತ್ತೆ ಹೇಳಿ? ಡಂಪ್, ಅಂದ್ರೆ ಸೋರಿಕೆಯಾದ ಪ್ರಶ್ನೋತ್ತರ, ಬಾಯಿಪಾಠ ಮಾಡಿ ಪಾಸಾದೋರು ಇಂಟರ್‌ವ್ಯೂನಲ್ಲಿ ನನ್ನೆದುರು ಕೂತು ತಡವರಿಸೋದನ್ನ ಎಷ್ಟೋ ಸಲ ನೋಡಿದೀನಿ, ನಿಜವಾಗ್ಲೂ ಸಂಕಟ ಆಗುತ್ತೆ, ಅವರ ದುಡ್ಡು ಹೋಯ್ತು, ವರ್ಷಾನೂ ಹೋಯ್ತು.

ಹಾಗಾಗಿ ಕೆಲಸ ಮಾಡ್ತಿರೋ ಲ್ಯಾಬನ್ನ ಬೇಕು ಅಂತಲೇ ಕೆಡಿಸಿ. ಅದಕ್ಕಿಂತ ಒಳ್ಳೇದು, ಫ್ರೆಂಡ್ ಕೈಗೆ ಫೈಲ್ ಕೊಟ್ಟು ಎಲ್ಲಾದ್ರೂ ಮೂರು ಕಡೆ ಕೆಡಿಸಿ ವಾಪಸ್ ಕೊಡಪ್ಪ ಅನ್ನಿ. ಲಿಂಕ್‌ನ ಎರಡೂ ಕಡೆ ಪೋರ್ಟನ್ನ ಡೈನಮಿಕ್ ಆಟೋ ಬಿಡ್ಲಿ, ಆ ಕಡೆಯೇ ಕೇಳ್ಲಿ ಅಂತ ಎರಡೂ ಕಾಯುತ್ತೆ, ಟ್ರಂಕ್ ಆಗಲ್ಲ. ಹಲವು ಕೇಬಲನ್ನ ಒಂದೇ ಲಿಂಕ್ ಮಾಡೋ ಈಥರ್‌ಚಾನಲ್‌ನಲ್ಲಿ ಎರಡೂ ಕಡೆ ಪ್ಯಾಸಿವ್ ಹಾಕ್ಲಿ, ಬಂಡಲ್ ಆಗಲ್ಲ. ರೌಟರ್‌ಗಳು ಒಂದಕ್ಕೊಂದು ದಾರಿ ತಿಳಿಸೋ ಓಎಸ್‌ಪಿಎಫ್‌ನಲ್ಲಿ ಒಂದು ಕಡೆ ಮಾತ್ರ ಹಲೋ ಟೈಮರ್ 10 ಸೆಕೆಂಡ್ ಇದ್ದಿದ್ದನ್ನ 5 ಮಾಡ್ಲಿ, ನೈಬರ್, ಅಂದ್ರೆ ಪಕ್ಕದ ರೌಟರ್, ಪಟ್ಟೀಲಿ ಬರೋದೇ ಇಲ್ಲ. ಎಂಟಿಯು, ಅಂದ್ರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಹೊಂದಿಕೆ ಆಗ್ಲಿಲ್ಲ ಅಂದ್ರೆ ನೈಬರ್ ಬರುತ್ತೆ, ಆದ್ರೆ ಎಕ್ಸ್‌ಸ್ಟಾರ್ಟ್ ಇಲ್ಲಾ ಎಕ್ಸ್‌ಚೇಂಜ್ ಅನ್ನೋ ನಡುವಿನ ಹಂತದಲ್ಲೇ ನಿಂತ್ಬಿಡುತ್ತೆ. ಈ ಎರಡರ ವ್ಯತ್ಯಾಸ ಒಂದು ಸಲ ಕಣ್ಣಾರೆ ನೋಡಿದ್ರೆ ಸಾಕು, ಮರೆಯಲ್ಲ.

ಕೆಟ್ಟಿಲ್ಲದ್ದನ್ನ ಕೆಟ್ಟಿದೆ ಅಂದ್ಕೊಳ್ಳೋದೂ ಇದೆ. ರೌಟರ್‌ನಿಂದ ಮೊದಲ ಪಿಂಗ್‌ನಲ್ಲಿ ಒಂದು ಚುಕ್ಕೆ, ಆಮೇಲೆ ನಾಲ್ಕು ಆಶ್ಚರ್ಯಸೂಚಕ ಚಿಹ್ನೆ, ಸಕ್ಸಸ್ ರೇಟ್ 80 ಅಂತ ಬಂತು ಅಂದ್ರೆ ಗಾಬರಿ ಬೇಡ, ಆ ಕಡೆಯ ಹಾರ್ಡ್‌ವೇರ್ ವಿಳಾಸ (ಮ್ಯಾಕ್ ಅಡ್ರೆಸ್) ಕೇಳೋ ಎಆರ್‌ಪಿಗೆ ಉತ್ತರ ಬರೋಷ್ಟರಲ್ಲಿ ಮೊದಲ ಪ್ಯಾಕೆಟ್ ಬಿದ್ದೋಗಿರುತ್ತೆ. ಹಾಗೇ ಒಂದೇ ಸ್ವಿಚ್‌ಗೆ ನಾಲ್ಕೈದು ರೌಟರ್ ಹಾಕಿದಾಗ ಓಎಸ್‌ಪಿಎಫ್‌ನಲ್ಲಿ ಕೆಲವು ನೈಬರ್ 2-ವೇ ಅನ್ನೋ ಹಂತದಲ್ಲೇ ಇರುತ್ತೆ, ಮುಖ್ಯಸ್ಥ ಅಂತ ಆರಿಸಿದ ಡಿಆರ್, ಅದರ ಬದಲಿ ಬಿಡಿಆರ್ ಅಲ್ಲದವರ ನಡುವೆ ಅದೇ ಸರಿ.

ಪ್ಯಾಕೆಟ್ ಟ್ರೇಸರ್ ಫ್ರೀ, ಈ ಪರೀಕ್ಷೆಗೆ ಬಹುಪಾಲು ಸಾಕು. ಆದ್ರೂ ಕೈಲಾದ್ರೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹಳೇ 2960 ಸ್ವಿಚ್ ಒಂದು ವಿಚಾರಿಸಿ. ಸ್ವಿಚ್‌ಗೆ ಕಂಪ್ಯೂಟರ್ ನೇರ ಜೋಡಿಸೋ ಕನ್ಸೋಲ್ ಕೇಬಲ್ ಚುಚ್ಚಿ, ಸ್ಪೀಡ್ 9600 ಬದಲು ಬೇರೆ ಏನೋ ಇಟ್ಟು, ಸ್ಕ್ರೀನ್ ತುಂಬಾ ಅರ್ಥವಿಲ್ಲದ ಅಕ್ಷರ ಬರೋದನ್ನ ನೋಡಿ, ಆಮೇಲೆ ಸರಿ ಮಾಡಿ. ಮೊದಲ ದಿನ ಡೇಟಾಸೆಂಟರ್‌ನಲ್ಲಿ ನಿಂತಾಗ ಬೇಕಾಗೋದು ಅದು.

ಒಂದು ಕಮಾಂಡ್ ಬಗ್ಗೆ ಮಾತ್ರ ಬಿಡಿಸಿ ಹೇಳ್ತೀನಿ. ಟ್ರಂಕ್‌ನಲ್ಲಿ 10, 20, 30 ಅಲೌ ಆಗಿದೆ, 40 ಸೇರಿಸ್ಬೇಕು. ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 40 ಅಂತ ಹೊಡೆದ್ರೆ ಇರೋ ಪಟ್ಟಿಗೆ 40 ಸೇರಲ್ಲ, ಹಳೇದೆಲ್ಲ ಹೋಗಿ 40 ಒಂದೇ ಉಳಿಯುತ್ತೆ. ವಿಲ್ಯಾನ್ ಮತ್ತೆ 40ರ ನಡುವೆ ಆ್ಯಡ್ ಅನ್ನೋ ಪದ ಇರ್ಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಕಂಪನೀಲಿ ರಾತ್ರಿ ಚೇಂಜ್ ಮಾಡ್ತಿದ್ದಾಗ ಆ ಪದ ಬಿಟ್ಟೆ. ನಾನು ದೂರದಿಂದ ಲಾಗಿನ್ ಆಗಿದ್ದ ಮ್ಯಾನೇಜ್‌ಮೆಂಟ್ ವಿಲ್ಯಾನೂ ಅದೇ ಟ್ರಂಕ್‌ನಲ್ಲಿತ್ತು, ನನ್ನ ಸೆಷನ್ ನಿಂತೋಯ್ತು, ಕರ್ಸರ್ ಮಿಟುಕಿಸ್ತಾ ಇದೆ, ಎಂಟರ್ ಒತ್ತಿದ್ರೆ ಏನೂ ಇಲ್ಲ. ಸೈಟ್‌ಗೆ ಹೋಗಿ ಕನ್ಸೋಲ್ ಹಾಕೋ ಹೊತ್ತಿಗೆ ಬೆಳಗಿನ ಜಾವ ಆಗಿತ್ತು. ಅವತ್ತಿಂದ ದೂರದ ಡಿವೈಸ್ ಮುಟ್ಟೋ ಮುಂಚೆ ಇರೋದನ್ನ ಸೇವ್ ಮಾಡಿ ರಿಲೋಡ್ ಇನ್ 10 ಕೊಡ್ತೀನಿ, ಕನೆಕ್ಷನ್ ಹೋದ್ರೆ ಹತ್ತು ನಿಮಿಷಕ್ಕೆ ಅದು ರೀಬೂಟ್ ಆಗಿ ಸೇವ್ ಆಗಿದ್ದ ಹಳೇ ಕಾನ್ಫಿಗ್‌ಗೆ ವಾಪಸ್ ಬರುತ್ತೆ, ಎಲ್ಲಾ ಸರಿಯಿದ್ರೆ ರಿಲೋಡ್ ಕ್ಯಾನ್ಸಲ್. ಇದನ್ನೂ ಲ್ಯಾಬಲ್ಲೇ ಮಾಡಿ ನೋಡಿ, ನಿಮ್ಮ ಸೆಷನ್ ನೀವೇ ಕತ್ತರಿಸ್ಕೊಂಡು.

ಆ ಹುಡುಗ ನಿನ್ನೆ ಪುಸ್ತಕದ ಫೋಟೋ ಕಳಿಸಿದ. ಶೋ ಕೊಡೋ ಮುಂಚೆ ಬರೆದ ಏಳು ಊಹೆಯಲ್ಲಿ ನಾಲ್ಕು ಸರಿ, ಮೂರು ತಪ್ಪು, ಮೂರೂ ಸ್ಪ್ಯಾನಿಂಗ್ ಟ್ರೀದು, ಅಂದ್ರೆ ಸ್ವಿಚ್‌ಗಳ ನಡುವೆ ಲೂಪ್ ಆಗದ ಹಾಗೆ ನೋಡ್ಕೊಳ್ಳೋದರದ್ದು. ಎಲ್ಲಾ ಸ್ವಿಚ್‌ಗೂ ಪ್ರಯಾರಿಟಿ 32768 ಹಾಗೇ ಬಿಟ್ಟು ನಡುವಿಂದೇ ರೂಟ್, ಅಂದ್ರೆ ಮುಖ್ಯ ಸ್ವಿಚ್, ಆಗುತ್ತೆ ಅಂದ್ಕೊಂಡಿದಾನೆ, ಮ್ಯಾಕ್ ಅಡ್ರೆಸ್ ಚಿಕ್ಕದಿದ್ದ ತುದಿಯದ್ದು ಆಗಿದೆ. ಕೆಳಗೆ "ಯಾಕೆ ಸರ್?" ಅಂತ ಬರೆದಿದಾನೆ. ಮೂರರ ಮ್ಯಾಕ್ ಅಡ್ರೆಸ್ಸೂ ಪಕ್ಕಪಕ್ಕ ಬರೆದು ಇಟ್ಕೋ, ಭಾನುವಾರ ಕೂತು ನೋಡೋಣ ಅಂದಿದೀನಿ.